ಅಕ್ಕೋರ ಕೊರಳು

ನಮ್ಮ ಶಾಲೆಯ ಹೆಡ್ ಅಕ್ಕೋರ ಕೊರಳಿನ ಎಡಗಡೆ ಗುಂಡು ಬದನೆಕಾಯಿಯಷ್ಟು ದೊಡ್ಡ ಗಂಟೊಂದಿತ್ತು. ಅವರು ಮಾತಾಡಿದರೆ ಅದೂ ಅಲುಗುತ್ತಿತ್ತು. ನೀರು ಕುಡಿದರೆ ಏರಿ ಇಳಿಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ಸೆರಗು ಸುತ್ತಿಕೊಂಡು ಅದನ್ನು ಮುಚ್ಚುತ್ತಿದ್ದರೇನೋ. ಅಕ್ಕೋರು ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಕೊರಳನ್ನು ಬಯಲಿಗಿಟ್ಟೇ ಓಡಾಡುತ್ತಿದ್ದರು.

ಗುಡೇಕೋಟೆಯ ಆಚೆ, ಕುರುಚಲು ಗುಡ್ಡದ ಬುಡದಲ್ಲಿದ್ದ ಆ ಶಾಲೆಗೆ ನಾನು ಹೊಸ ಟೀಚರಾಗಿ ಹೋದ ದಿನವೇ ಒಂದನೇ ಕ್ಲಾಸಿಗೆ ಹೊಸ ಮಕ್ಕಳೂ ಬಂದಿದ್ದರು. ಎಲ್ಲವೂ ಅಕ್ಕೋರ ಕೊರಳನ್ನೇ ನೋಡುತ್ತಾ ಗೋಡೆಗಂಟಿ ನಿಂತಿದ್ದವು. ಒಂದು ಮಗು ಅಳುವುದಕ್ಕೆ ತುಟಿ ಸೊಟ್ಟ ಮಾಡಿತ್ತು. ಅಕ್ಕೋರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗದ್ದ ಮೇಲೆತ್ತಿ ಕೊರಳು ಚಾಚಿದರು.

"ಬರ್ರಿ, ಎಲ್ಲಾರೂ ಬಂದು ನೋಡ್ರಿ. ಮುಟ್ಟಬೇಕನ್ನೋರು ಮುಟ್ಟಿ ನೋಡ್ರಿ. ಇದು ಗಂಟು. ಕಚ್ಚಂಗಿಲ್ಲ."

ಮಕ್ಕಳು ಒಂದೊಂದಾಗಿ ಬಂದು ಬೆರಳು ತಾಗಿಸಿ ನೋಡಿದವು. ಅಳಲು ಹೊರಟಿದ್ದದ್ದು ಎರಡು ಸಲ ಮುಟ್ಟಿ ನಕ್ಕಿತು. "ಆತಾ? ಇನ್ನ ಕುಂದರ್ರಿ," ಎಂದು ಅಕ್ಕೋರು ಎದ್ದು ಬೋರ್ಡಿನ ಮೇಲೆ ಅ ಬರೆದರು.

ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಜನ ನನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ನನ್ನ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹರಪನಹಳ್ಳಿಯಲ್ಲಿ ಟಿ.ಸಿ.ಎಚ್. ಓದುವಾಗ, ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಕೂತು ನಾವು ಪಾಠ ಮಾಡುವುದನ್ನು ನೋಡುತ್ತಿದ್ದರಲ್ಲ, ಆ ದಿನಗಳಲ್ಲಿ ನಾನು ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ. ತಿಂದರೆ ನಿಲ್ಲುತ್ತಿರಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ತೆಗೆದ ಅಂಕಗಳ ಮೇಲೆ ನೌಕರಿ ಸಿಕ್ಕಿತ್ತು. ಹಡಗಲಿಯ ಮನೆಯಲ್ಲಿ ಅಪ್ಪ ಇರಲಿಲ್ಲ. ಅವ್ವ ಕುಪ್ಪಸ ಹೊಲಿದು ನನ್ನನ್ನು ಓದಿಸಿದ್ದಳು. ನನ್ನ ಹಿಂದೆ ಇನ್ನೂ ತಂಗಿಯರಿದ್ದರು. ನೌಕರಿ ಮಾಡಲೇಬೇಕಿತ್ತು, ಮಾಡಲು ಬಾಯಿ ಬೇಕಿತ್ತು.

ಮಕ್ಕಳಷ್ಟೇ ಇದ್ದರೆ ಹೇಗೋ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ದೊಡ್ಡವರು ಯಾರಾದರೂ ಕಾಣಿಸಿಕೊಂಡರೆ ಬೋರ್ಡಿನ ಕಡೆ ತಿರುಗಿ ಸುಮ್ಮನೆ ಬರೆಯುತ್ತಾ ನಿಲ್ಲುತ್ತಿದ್ದೆ.

ಆಗಸ್ಟ್ ಹದಿನೈದು ಬಂತು. ಕೂಡ್ಲಿಗಿಯಿಂದ ಬಾಡಿಗೆಗೆ ಮೈಕ್ ತರಿಸಿದ್ದರು. ಊರ ಹಿರಿಯರು ಕುರ್ಚಿಗಳ ಮೇಲೆ ಕೂತಿದ್ದರು, ಹೆಂಗಸರು ಕಾಂಪೌಂಡಿನ ಆಚೆ ನಿಂತಿದ್ದರು. "ಹೊಸ ಟೀಚರ್ರು ಎರಡು ಮಾತು ಹೇಳ್ತಾರ" ಎಂದು ಯಾರೋ ಕೂಗಿದರು. ವಾರದಿಂದ ಬಾಯಿಪಾಠ ಮಾಡಿದ ಭಾಷಣ ನನ್ನ ತಲೆಯಲ್ಲಿತ್ತು. ಮೈಕಿನ ಮುಂದೆ ನಿಂತೆ. ನನ್ನ ಉಸಿರೇ ಹಾರ್ನಿನೊಳಗಿಂದ ಭುಸಭುಸ ಎಂದು ಊರಿಗೆಲ್ಲ ಕೇಳಿಸಿತು. ಭಾಷಣದ ಮೊದಲ ಶಬ್ದವೇ ಹೋಗಿಬಿಟ್ಟಿತ್ತು. ಕುರ್ಚಿಯ ಮೇಲಿದ್ದ ಒಬ್ಬರು, "ಪಾಪ, ಸಣ್ಣ ಹುಡುಗಿ," ಎಂದರು. ಆ ಪಾಪ ಎಂಬುದು ನನ್ನನ್ನು ಕೊಂದಿತು. ಶಾಲೆಯ ಹಿಂದಕ್ಕೆ ಓಡಿಹೋಗಿ ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ಮಕ್ಕಳು ಪೆಪ್ಪರಮೆಂಟು ಚೀಪುತ್ತಾ ಮನೆಗೆ ಹೋದ ಮೇಲೂ ನಾನು ಅಲ್ಲೇ ಇದ್ದೆ. ಅಲ್ಲಿಂದ ತೋಟದ ಬಾವಿ ಕಾಣುತ್ತಿತ್ತು. ಅದನ್ನೇ ಬಹಳ ಹೊತ್ತು ನೋಡಿದೆ. ನೌಕರಿ ಬಿಟ್ಟರೆ ಅವ್ವನಿಗೆ ಮುಖ ತೋರಿಸುವಂತಿಲ್ಲ, ಬಿಡದಿದ್ದರೆ ದಿನವೂ ಇದೇ ಸಾವು. ಅಕ್ಕೋರು ಬಂದು ಪಕ್ಕದಲ್ಲಿ ಕೂತರು.

"ನೌಕರಿ ಬಿಡ್ತೀನ್ರಿ ಅಕ್ಕೋರೆ."

"ಬಿಟ್ಟು ಏನು ಮಾಡ್ತಿ?"

"ಗೊತ್ತಿಲ್ರಿ."

ಅವರ ಕಣ್ಣು ನಾನು ನೋಡುತ್ತಿದ್ದ ಕಡೆ ಹೋಯಿತು. ನನ್ನ ರಟ್ಟೆ ಹಿಡಿದರು. "ಎದ್ದೇಳು. ಮನಿಗೆ ಹೋಗೂಣು. ಮುಂಜಾನಿಯಿಂದ ನೀ ಏನೂ ತಿಂದಿಲ್ಲ, ನನಗ ಗೊತ್ತೈತಿ."

ಆವತ್ತಿನಿಂದ ನನ್ನ ವಾಸ ಅವರ ಮನೆಯಲ್ಲೇ ಆಯಿತು. ಮದುವೆಯಾಗದ ಹೆಂಗಸು, ಒಬ್ಬರೇ ಇದ್ದರು. ರೊಟ್ಟಿ ಬಡಿಯುತ್ತಾ ಒಮ್ಮೆ ಹೇಳಿದರು: "ಅಂಜಿಕಿ ಹೋಗಲಿ, ಆಮ್ಯಾಲೆ ಮಾತಾಡ್ತೀನಿ ಅಂತ ಕುಂತ್ಯಲ್ಲ, ಅದು ಹೋಗಂಗಿಲ್ಲ ತಂಗಿ. ನನಗೂ ಹೋಗಿಲ್ಲ. ಈಗ್ಲೂ ಮೀಟಿಂಗಿನ್ಯಾಗ ಎದ್ದು ನಿಂತ್ರ ಎದಿ ಡವಡವ ಅಂತೈತಿ. ಅಂತೈತಿ ಅಂತ ಬಿಟ್ಟುಬಿಡ್ತೀನಿ, ನಾ ಹೇಳೋದು ಹೇಳ್ತೀನಿ."

ನನಗೆ ನಂಬಿಕೆ ಬರಲಿಲ್ಲ. ಆ ಕೊರಳು ಹೊತ್ತು ಊರೆಲ್ಲ ತಿರುಗುವವರಿಗೆ ಎಂಥ ಅಂಜಿಕೆ ಎಂದುಕೊಂಡೆ.

ಮಕ್ಕಳನ್ನು ಶಾಲೆಗೆ ಸೇರಿಸಲು ಮನೆಮನೆ ತಿರುಗುವ ಕೆಲಸಕ್ಕೆ ನನ್ನನ್ನೂ ಕರೆದೊಯ್ಯತೊಡಗಿದರು. ಗುಡ್ಡದ ಓರೆಯ ಕುರಿಹಟ್ಟಿಗೆ ಹೋದ ದಿನ ಈಗಲೂ ಕಣ್ಣ ಮುಂದಿದೆ. ಅಲ್ಲೊಬ್ಬ ಕುರುಬರ ಯಜಮಾನ, ಅವನಿಗೊಬ್ಬ ಮಗಳು. ಹುಡುಗಿ ಮರಿಗಳನ್ನು ಕಾಯುತ್ತಾ ಮನೆಯಲ್ಲೇ ಉಳಿದಿದ್ದಳು. ಅಕ್ಕೋರು ಒಂದು ಬಂಡೆಯ ಮೇಲೆ ಕೂತು, "ನಮ್ಮ ಟೀಚರ್ರು ನಿನ್ನ ಕೂಡ ಮಾತಾಡಬೇಕಂತ ಬಂದಾರ," ಎಂದು ಅವನಿಗೆ ಹೇಳಿ ಸುಮ್ಮನಾದರು. ಅವನು ಕಂಬಳಿ ಹೆಗಲಿಗೇರಿಸಿ ನನ್ನೆದುರು ನಿಂತ. ಅವನ ಹೆಂಡತಿ, ತಾಯಿ, ತಮ್ಮಂದಿರು ಎಲ್ಲರೂ ಬಂದು ನಿಂತರು. ನನ್ನ ನಾಲಗೆ ಮತ್ತೆ ಕಟ್ಟಿತು. ಕಾಪಾಡಿರಿ ಎಂಬಂತೆ ಅಕ್ಕೋರ ಕಡೆ ನೋಡಿದೆ. ಅವರು ಗುಡ್ಡ ನೋಡುತ್ತಿದ್ದರು. ಸಿಟ್ಟು ಬಂತು, ಅಳು ಬಂತು. ಕುರಿಗಳು ಅರಚುತ್ತಿದ್ದವು. ಯಾರೂ ನಗಲಿಲ್ಲ, ಯಾರೂ ಹೋಗಲಿಲ್ಲ. ಕೊನೆಗೆ ಆ ಯಜಮಾನನೇ, "ನೀರು ಕುಡಿಯವ್ವ ಮೊದ್ಲು. ದೂರದಿಂದ ನಡದು ಬಂದೀರಿ," ಎಂದು ಚೊಂಬು ಕೊಡಿಸಿದ. ಕುಡಿದೆ. ಕುಡಿದು ಹೇಳಿದೆ: "ನಿಮ್ಮ ಮಗಳನ್ನ ಸಾಲಿಗೆ ಕಳಿಸ್ರಿ. ನಾನು ಚಂದಾಗಿ ನೋಡ್ಕಂತೀನಿ." ಅಷ್ಟೇ. ಧ್ವನಿ ಸೀಳಿತ್ತು, ಆದರೂ ಹೊರಗೆ ಬಂದಿತ್ತು.

ಆ ಹುಡುಗಿ ಬಂದಳು. ದೀಪಾವಳಿಯವರೆಗೆ ಬಂದು, ಕಾಗುಣಿತ ಕಲಿತು, ಮೇವಿಗೆಂದು ಹೊರಟ ಮಂದೆಯ ಜೊತೆ ನೀರಾವರಿ ಸೀಮೆಗೆ ಹೋದವಳು ತಿರುಗಿ ಬರಲಿಲ್ಲ. ನಾನು ಅತ್ತೆ. ಅಕ್ಕೋರು ಅಳಬೇಡ ಎನ್ನಲಿಲ್ಲ. "ಬರೂ ವರ್ಷ ಮತ್ತ ಹೋಗಿ ಕೇಳೂಣು," ಎಂದರು.

ಹೀಗೇ ವರ್ಷಗಳು ಕಳೆದವು. ಪ್ರಾರ್ಥನೆಯ ಹೊತ್ತಿನಲ್ಲಿ ಪೇಪರು ಓದಿದೆ, ಪಾಲಕರ ಸಭೆಯಲ್ಲಿ ಮಾತಾಡಿದೆ, ಕೂಡ್ಲಿಗಿಯಲ್ಲಿ ಶಿಕ್ಷಕರೆಲ್ಲರ ಮುಂದೆ ಮಾದರಿ ಪಾಠವನ್ನೂ ಮಾಡಿದೆ. ಯಾವುದೂ ಸುಲಭವಾಗಲಿಲ್ಲ. ಹಿಂದಿನ ರಾತ್ರಿಗಳೆಲ್ಲ ನಿದ್ದೆಯಿಲ್ಲದೆ ಹೋದವು. ಮಾದರಿ ಪಾಠ ಮುಗಿಸಿ ಬೆವರಿನಲ್ಲಿ ತೊಯ್ದು ಬಂದಾಗ ಅಕ್ಕೋರು, "ನಡುವ ತಪ್ಪಿದಿ, ಮತ್ತ ಹಾದಿ ಹಿಡದಿ. ಮುಗಿಸಿದಿ," ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸಿದರು.

ಗಂಟಿಗೆ ಆಪರೇಷನ್ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ಕೇಳಿದ್ದೆ. ಅವರ ಸಣ್ಣ ವಯಸ್ಸಿನಲ್ಲೇ ಒಬ್ಬ ಡಾಕ್ಟರು, ಕೊಯ್ದರೆ ಧ್ವನಿ ಹೋಗಲೂಬಹುದು ಎಂದಿದ್ದರಂತೆ. "ಧ್ವನಿ ಹೋದ್ರ ನಾನು ಮಕ್ಕಳಿಗೆ ಏನು ಕೊಡ್ಲಿ? ಇದ್ರ ಇರಲಿ ಬಿಡು," ಎಂದು ಸೀರೆ ಒಣಹಾಕಲು ಹೋದರು.

ಅವರು ನಿವೃತ್ತರಾಗುವ ಮುಂಚಿನ ವರ್ಷ ಗಂಟು ಒಮ್ಮೆಲೇ ಬೆಳೆಯತೊಡಗಿತು. ಧ್ವನಿ ಒಡೆಯಿತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಗೋಡೆಗೊರಗಿ ಕೂತೇ ಇರುತ್ತಿದ್ದರು. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದ ಅವರ ತಮ್ಮ ಬಂದು ದೂರದ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಆಂಬುಲೆನ್ಸು ಹತ್ತುವಾಗ ಅಕ್ಕೋರು ನನ್ನ ಕಿವಿಯ ಹತ್ತಿರ ಬಂದು, ಉಳಿದಿದ್ದ ಚೂರು ಧ್ವನಿಯಲ್ಲಿ ಹೇಳಿದರು: "ಅಲ್ಲೇ ಸಾಯಾಕ ಬಿಡಬ್ಯಾಡ. ಮನಿಗೆ ಕರ್ಕೊಂಡು ಬಾ." ನಾನು ಕೇಳಿದ ಅವರ ಕೊನೆಯ ಮಾತು ಅದು. ಅಲ್ಲಿಗೆ ಹೋದ ಕೂಡಲೇ ಕೊರಳಿಗೆ ತೂತು ಕೊರೆದು ಉಸಿರಾಡಲು ನಳಿಗೆ ಇಟ್ಟರು. ಮಾತು ನಿಂತಿತು. ಕೈ ಬಾತು ಪೆನ್ಸಿಲು ಹಿಡಿಯಲೂ ಬರಲಿಲ್ಲ.

ಕ್ಯಾನ್ಸರು ಎಂದರು. ಎದೆಗೂ ಇಳಿದಿದೆ ಎಂದರು. ಆದರೂ ದಿನಕ್ಕೊಂದು ಪರೀಕ್ಷೆ, ದಿನಕ್ಕೊಂದು ಸೂಜಿ ನಿಲ್ಲಲಿಲ್ಲ. ಒಂದು ಮುಂಜಾನೆ ದೊಡ್ಡ ಡಾಕ್ಟರು ರೌಂಡಿಗೆ ಬಂದರು. ಹಿಂದೆ ಬಿಳಿ ಕೋಟಿನ ವಿದ್ಯಾರ್ಥಿಗಳ ಗುಂಪು ಮಂಚ ಸುತ್ತಿ ನಿಂತಿತು. ಇನ್ನೊಂದು ಆಪರೇಷನ್ ಮಾಡಿ ನೋಡಬಹುದು, ಗ್ಯಾರಂಟಿ ಇಲ್ಲ ಎಂದರು. ತಮ್ಮನವರು ಕೈಮುಗಿದು, "ನೀವು ಹೆಂಗ ಹೇಳ್ತೀರೋ ಹಂಗ್ರಿ," ಎಂದರು. ಸಂತೆಯಲ್ಲಿ ಗುಡುಗುವ ಮನುಷ್ಯನಿಗೆ ಅಲ್ಲಿ ಧ್ವನಿಯೇ ಏಳಲಿಲ್ಲ. ಅಕ್ಕೋರು ನನ್ನನ್ನೇ ನೋಡುತ್ತಿದ್ದರು.

ಬಾಯಿ ಒಣಗಿತು. ಡಾಕ್ಟರು ಮುಂದಿನ ಮಂಚದ ಕಡೆ ತಿರುಗಿಬಿಟ್ಟರು.

"ಸರ್, ನಿಲ್ರಿ!"

ಅದು ನನ್ನದೇ ಧ್ವನಿ ಎಂದು ನನಗೆ ತಕ್ಷಣ ಗೊತ್ತಾಗಲಿಲ್ಲ. ವಾರ್ಡೆಲ್ಲ ತಿರುಗಿ ನೋಡಿತು. ಒಬ್ಬ ವಿದ್ಯಾರ್ಥಿ ನಗು ತಡೆದುಕೊಂಡ.

"ಇವರು ನಮ್ಮ ಹೆಡ್ ಅಕ್ಕೋರು ಸರ್. ಇವರಿಗೆ ಮಾತಾಡಾಕ ಬರವಲ್ದು, ಅದಕ್ಕ ನಾ ಹೇಳ್ತೀನಿ. ಇವರಿಗೆ ಎಲ್ಲಾ ತಿಳಿತೈತಿ. ಆಪರೇಷನ್ ಮಾಡಿದ್ರ ಉಳೀತಾರೇನ್ರಿ? ಅದನ್ನ ಇವರ ಮುಖ ನೋಡಿ ಹೇಳ್ರಿ. ಉಳಿಯಂಗಿಲ್ಲ ಅಂದ್ರ ಮನಿಗೆ ಕಳಿಸ್ರಿ. ಇಲ್ಲಿ ಸಾಯೋದು ಬ್ಯಾಡಂತ ಇವರೇ ಹೇಳ್ಯಾರ. ನಳಿಗಿ ಹೆಂಗ ತೊಳೀಬೇಕು ಕಲಿಸಿಕೊಡ್ರಿ, ನಾ ತೊಳೀತೀನಿ."

ಧ್ವನಿ ನಡುಗುತ್ತಲೇ ಇತ್ತು, ನಡುವೆ ಎರಡು ಸಲ ನಿಂತೂ ಹೋಯಿತು. ಆದರೂ ಕೊನೆಯವರೆಗೆ ಹೇಳಿದೆ. ಡಾಕ್ಟರು ಹಿಂದಕ್ಕೆ ಬಂದು, ಸ್ಟೂಲು ಎಳೆದು ಅಕ್ಕೋರ ಪಕ್ಕ ಕೂತರು. ಅವರ ಮುಖ ನೋಡಿಯೇ, "ಇಲ್ಲಮ್ಮ, ಉಳಿಯೋದು ಕಷ್ಟ," ಎಂದರು. ಅಕ್ಕೋರು ಕಣ್ಣು ಮುಚ್ಚಿ ತಲೆಯಾಡಿಸಿದರು. ತಮ್ಮನವರು ಗೋಡೆಯ ಕಡೆ ತಿರುಗಿ ಅತ್ತರು.

ಮನೆಗೆ ಕರೆತಂದೆವು. ನಳಿಗೆ ತೊಳೆಯುವುದನ್ನು ನರ್ಸಮ್ಮ ಕಲಿಸಿದ್ದರು. ಈಗ ನಾನು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಶಿಕ್ಷಕರಿಗೆ ತರಬೇತಿ ಕೊಡಲು ಹೋಗುತ್ತೇನೆ. ಪ್ರತಿ ಸಲವೂ ಕೈ ತಣ್ಣಗಾಗುತ್ತದೆ, ಪ್ರತಿ ಸಲವೂ ಮಾತಾಡುತ್ತೇನೆ. ನನಗೆ ಬಾಯಿ ಬಂದದ್ದು ಅವರ ಋಣ ಎಂದು ಅವರಿಗೆ ಹೇಳಲು, ಮನೆಗೆ ಕರೆತಂದ ಮೇಲಿನ ಆ ದಿನಗಳಲ್ಲಿ ಬೇಕಾದಷ್ಟು ಹೊತ್ತಿತ್ತು. ಆ ಒಂದು ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ.

ತೀರಿಹೋಗುವ ಹಿಂದಿನ ದಿನ ಮಧ್ಯಾಹ್ನ ಅಕ್ಕೋರು ನನ್ನನ್ನು ಹತ್ತಿರ ಕೂರಿಸಿಕೊಂಡು ತುಟಿಯಾಡಿಸತೊಡಗಿದರು. ಬಾತ ಕೈಯನ್ನು ಕ್ಲಾಸಿನಲ್ಲಿ ಆಡಿಸುವಂತೆ ಆಡಿಸುತ್ತಾ, ಒಮ್ಮೆ ಹುಬ್ಬೇರಿಸಿ, ಒಮ್ಮೆ ನಕ್ಕು, ದಣಿದಾಗ ನಿಂತು, ಮತ್ತೆ ಶುರುಮಾಡಿ ಬಹಳ ಹೊತ್ತು ಮಾತಾಡಿದರು. ನಳಿಗೆಯ ಗಾಳಿಯ ಸದ್ದು ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ, ಒಂದು ಶಬ್ದವೂ ತಿಳಿಯಲಿಲ್ಲ. ನಾನು ಅಲುಗದೆ ಅವರ ಮುಖವನ್ನೇ ನೋಡುತ್ತಾ, ಅವರು ಮುಗಿಸುವವರೆಗೂ ಕೂತಿದ್ದೆ.