ನೋವು ಮೊದಲೋ, ಭೇದಿ ಮೊದಲೋ?

ನರ್ಸ್ ನನ್ನ ಸೊಸೆ ಸುಮಾಳ ಕೈಮೇಲಿನ ಚರ್ಮ ಚಿವುಟಿ ಬಿಟ್ಟರು. ಮೇಲೆದ್ದ ಮಡಿಕೆ ಬೇಗ ಇಳಿಯಲಿಲ್ಲ.

"ಮೈಯಲ್ಲಿ ನೀರೇ ಇಲ್ಲವಲ್ಲ" ಎಂದರು ಹಿಂದಿಯಲ್ಲಿ. ನಾಲಿಗೆ ನೋಡಿದರು, ನಾಡಿ ಹಿಡಿದರು. ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದರು.

ಬೆಳಿಗ್ಗೆ ಎಂದಳು. ಆಗ ಮಧ್ಯಾಹ್ನ ಮೂರು ಗಂಟೆ.

ನಾವು ಈಗಿರುವ ಚಾಂದ್‌ಖೇಡಾದಲ್ಲಿ, ನಮ್ಮ ಹೌಸಿಂಗ್ ಸೊಸೈಟಿ ಪಕ್ಕದ ಸಣ್ಣ ಆಸ್ಪತ್ರೆ ಅದು. ಮಗ ಬ್ಯಾಂಕಿನ ಕೆಲಸಕ್ಕೆ ಸೂರತ್‌ಗೆ ಹೋಗಿದ್ದ. ಜೊತೆಗಿದ್ದವಳು ನಾನೊಬ್ಬಳೇ.

"ಹೊರಗೆ ಏನಾದರೂ ತಿಂದಿದ್ದೀರಾ?"

ಸುಮಾ ನನ್ನ ಕಡೆ ನೋಡಿದಳು. "ಹೌದು, ನಿನ್ನೆ ಪಾನಿಪುರಿ..." ಎಂದಳು.

ತಿಂದಿರಲಿಲ್ಲ. ನನ್ನ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಯಾರೂ ಏನೂ ತಿನ್ನುವುದಿಲ್ಲ.

ಹಿಂದಿನ ದಿನ ಸಂಜೆಯಿಂದ ಅವಳಿಗೆ ಹೊಟ್ಟೆನೋವು. ಗ್ಯಾಸ್ ಎಂದು ನಾನೇ ತೀರ್ಮಾನ ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಗದಗಿನಿಂದ ತಂದಿದ್ದ ಔಡಲೆಣ್ಣೆಯನ್ನು ಬಿಸಿ ಚಹಾದಲ್ಲಿ ಕಲಸಿ ಕೊಟ್ಟೆ. ಬೆಂಗಳೂರಿನವರು ಹರಳೆಣ್ಣೆ ಅನ್ನುತ್ತಾರಲ್ಲ, ಅದೇ.

"ಅತ್ತೀ, ಬ್ಯಾಡ್ರಿ. ವಾಂತಿ ಬಂದಂಗ ಆಗಾಕತ್ತೈತಿ."

"ಸುಮ್ನ ಕುಡಿ. ನಾಲ್ಕು ಮಕ್ಕಳನ್ನ ಇದರ ಮ್ಯಾಲೇ ಬೆಳೆಸೀನಿ."

ಎಂಟು ಸಲ ಭೇದಿಯಾಯಿತು. ನೋವು ಮಾತ್ರ ಹೋಗಲಿಲ್ಲ.

ನರ್ಸ್ ಪಾನಿಪುರಿ ಎಂದೇ ಬರೆದುಕೊಂಡರು. ಸಲೈನ್ ಹಾಕೋಣ, ಡಾಕ್ಟರ್ ನೋಡಿದ ಮೇಲೆ ಸಂಜೆಗೆ ಮನೆಗೆ ಹೋಗಬಹುದು ಅನ್ನಿಸುತ್ತದೆ ಎಂದರು.

ನನಗೆ ನಿರಾಳವಾಗಬೇಕಿತ್ತು... ಆಗಲಿಲ್ಲ. ಸುಮಾ ಬಲಗಾಲು ಮಡಚಿಕೊಂಡೇ ಮಲಗಿದ್ದಳು. ಚಾಚಲು ಆಗುತ್ತಿರಲಿಲ್ಲ.

ನರ್ಸ್ ಹೊರಟವರು ಅದನ್ನು ನೋಡಿ ನಿಂತರು. "ನೋವು ಮೊದಲು ಬಂತೋ, ಭೇದಿ ಮೊದಲೋ?"

"ಎರಡೂ ಕೂಡಿ" ಎಂದಳು ಸುಮಾ. ಮತ್ತೆ ನನ್ನ ಕಡೆಯೇ ನೋಟ.

ಪಕ್ಕದ ಮಂಚದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು...

"ಸುಳ್ಳು ಹೇಳಾಕತ್ತಾಳ್ರಿ!" ಕನ್ನಡದಲ್ಲೇ ಹೊರಟುಬಿಟ್ಟಿತು. ಆಮೇಲೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ನೋವು ನಿನ್ನೆಯದು, ಭೇದಿ ಇವತ್ತಿನದು, ಎಣ್ಣೆ ಕುಡಿಸಿದವಳು ನಾನು.

"ಎಷ್ಟು ಚಮಚ, ಮಾಸಿ?"

"ಮೂರು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮಾಳ ಹೊಟ್ಟೆಯ ಬಲಗಡೆ ಕೆಳಗೆ ಮೆಲ್ಲಗೆ ಒತ್ತಿ ಕೈ ತೆಗೆದರು. ಅವಳು ಚೀರಿದಳು. ನರ್ಸ್ ಡಾಕ್ಟರನ್ನು ಕರೆಯಲು ಓಡಿದರು.

ಅಪೆಂಡಿಕ್ಸ್. ಸಂಜೆಯೇ ಆಪರೇಷನ್ ಆಯಿತು. ಅಂಥ ಹೊಟ್ಟೆಗೆ ಭೇದಿ ಮಾಡಿಸಿದರೆ ಒಡೆಯುವ ಭಯವಿರುತ್ತದೆ ಎಂದರು ಡಾಕ್ಟರು. ಪುಣ್ಯಕ್ಕೆ ಒಡೆದಿರಲಿಲ್ಲ.

ಈಗ ಸುಮಾ ಮನೆಯಲ್ಲಿದ್ದಾಳೆ, ಗಂಜಿ ಕುಡಿಯುತ್ತಿದ್ದಾಳೆ. ಜೀವ ಹೋಗುವಂಥ ನೋವಿನಲ್ಲೂ ಅವಳು ಸುಳ್ಳು ಹೇಳಿದ್ದು ನನ್ನ ಮೇಲಿನ ಗೌರವಕ್ಕೋ, ಭಯಕ್ಕೋ... ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.