ಮೊಳಕೆ ರಾಗಿಯೋ, ಮುದ್ದೆ ರಾಗಿಯೋ

ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಮನುಷ್ಯರು ಸಾಲು ನಿಲ್ಲುವುದಿಲ್ಲ, ಡಬ್ಬಗಳು ನಿಲ್ಲುತ್ತವೆ. ನಮ್ಮ ಗುತ್ತಲು ಬಡಾವಣೆಯ ಹೆಂಗಸರು ಬೆಳಿಗ್ಗೆ ರಾಗಿ ತುಂಬಿದ ಡಬ್ಬವನ್ನೋ ಬಕೆಟ್ಟನ್ನೋ ತಂದು ಗೋಡೆಯ ಪಕ್ಕ ಇಡುತ್ತಾರೆ. ಮುಂದಿನದು ಯಾರದು, ಹಿಂದಿನದು ಯಾರದು ಎಂದು ಒಮ್ಮೆ ಕಣ್ಣಾಡಿಸಿ, ಒಲೆಯ ಮೇಲೆ ಸಾರಿಟ್ಟು ಬಂದಿದ್ದೀನಿ ಅಂತ ಹೊರಟುಬಿಡುತ್ತಾರೆ. ಆಮೇಲೆ ಆ ಸಾಲು ತಪ್ಪಿಸುವ ಹಕ್ಕು ಮಿಲ್ಲಿನವರಿಗೆ ಮಾತ್ರ. ಬಾಣಂತಿ ಇರುವ ಮನೆಯದು, ಸಾವಾದ ಮನೆಯದು, ಹೇಳದೆ ಕೇಳದೆ ನೆಂಟರು ಬಂದಿಳಿದ ಮನೆಯದು ಮುಂದಕ್ಕೆ ಹೋಗಬಹುದು. ಇದು ನನ್ನ ಮಾವನವರು ಮಾಡಿದ ಕಟ್ಟಳೆ. ಅವರು ತೀರಿಕೊಂಡ ಮೇಲೆ ಮಿಲ್ಲು ನನ್ನ ಕೈಗೆ ಬಂತು. ನನ್ನ ಗಂಡ ಶಾಲೆಯೊಂದರಲ್ಲಿ ಗುಮಾಸ್ತರು. ಬೆಲ್ಟು ತಿರುಗುವ ಸದ್ದು ಕೇಳಿದರೆ ಅವರಿಗೆ ತಲೆನೋವು.

ಡಬ್ಬಗಳಲ್ಲಿ ಯಾವುದು ಮೊದಲು ಅನ್ನುವುದನ್ನು ನಿಂತ ನಿಲುವಿನಲ್ಲೇ ಹೇಳುತ್ತಿದ್ದ ನನಗೆ, ನನ್ನ ತಲೆಯೊಳಗೆ ಸಾಲುಗಟ್ಟಿದ ಯೋಚನೆಗಳಲ್ಲಿ ಯಾವುದು ಮೊದಲು ಅನ್ನುವುದು ಮಾತ್ರ ಯಾವತ್ತೂ ಹೊಳೆಯಲಿಲ್ಲ. ಮದ್ದೂರಿನಲ್ಲಿರುವ ನನ್ನ ಅಕ್ಕ ಶಾವಿಗೆ ಒತ್ತುವ ಮಿಷನ್ನು ಹಾಕು ಅಂದಳು, ತಂದು ಹಾಕಿದೆ. ಅದು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ಖಾರದ ಪುಡಿ ಮಾಡಿಕೊಡು ಅಂತ ಇನ್ಯಾರೋ ಅಂದರು; ಬೀದಿಗೆ ಬೀದಿಯೇ ಸೀನಿ, ಎದುರು ಮನೆಯವರು ಜಗಳಕ್ಕೆ ಬಂದರು. ಮುತ್ತತ್ತಿಗೆ ಹೋಗಿಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ ಎಣ್ಣೆ ಗಾಣದ ಮಾತೆತ್ತಿದರು. ಇಳಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಗಾಣ ಕೂರಿಸಿ ಎಣ್ಣೆ ತೆಗೆದಾಗಿತ್ತು.

ಅತ್ತೆ ಅನ್ನುತ್ತಿದ್ದರು, "ಇರೋ ಒಲೆಗೆಲ್ಲಾ ಬೆಂಕಿ ಆಕ್ತೀಯ ಕಣಮ್ಮ. ಒಂದ್ರ ಮ್ಯಾಲೂ ಮಡಕೆ ಇಕ್ಕಲ್ಲ."

ಏನು ಮಾಡಲಿ? ಸುಮ್ಮನೆ ಕೂರುವ ಹಾಗಿರಲಿಲ್ಲ. ಈಗ ಅಂಗಡಿಯಲ್ಲಿ ರಾಗಿ ಹಿಟ್ಟಿನ ಪ್ಯಾಕೆಟ್ಟು ಸಿಗುತ್ತದೆ. ಹಿಂದೆ ಬಾಗಿಲು ದಾಟಿ ಜಗಲಿಯವರೆಗೂ ಬರುತ್ತಿದ್ದ ಡಬ್ಬದ ಸಾಲು ಈಗ ಅರ್ಧ ಗೋಡೆಗೇ ಮುಗಿಯುತ್ತಿತ್ತು. ಕೆಲವು ದಿನ ಮಧ್ಯಾಹ್ನಕ್ಕೆಲ್ಲ ಮೋಟರು ಆರಿಸಿ, ಕಲ್ಲಿನ ಮೇಲೆ ಗೋಣಿ ಹೊದಿಸಿ ಕೂತಿರುತ್ತಿದ್ದೆ. ಹೀಗೇ ಆದರೆ ಮಿಲ್ಲು ಮುಚ್ಚಬೇಕಾಗುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಮೈಸೂರಿನಿಂದ ಒಬ್ಬರು ಬಂದರು. ಮಕ್ಕಳ ಆಹಾರ ಮಾರುವ ಅಂಗಡಿಯವರು. ಅಕ್ಕನ ಮನೆಯಲ್ಲಿ ನಾನು ಮಾಡಿಕೊಟ್ಟಿದ್ದ ಮೊಳಕೆ ರಾಗಿ ಹಿಟ್ಟಿನ ಗಂಜಿ ಕುಡಿದಿದ್ದರಂತೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹುರಿಯದೆ ನೆರಳಿನಲ್ಲಿ ಒಣಗಿಸಿ, ನುಣ್ಣಗೆ ಬೀಸಿದ ಹಿಟ್ಟು. ಅವರು ಮಿಲ್ಲನ್ನೆಲ್ಲ ಒಮ್ಮೆ ನೋಡಿ, ವಾರವಾರವೂ ಇಂಥದೇ ಹಿಟ್ಟು ಕೊಡುವುದಾದರೆ ನಾನು ಬೇರೆ ಕಡೆ ಹೋಗುವುದಿಲ್ಲ, ಯೋಚಿಸಿ ಬರುವ ಸೋಮವಾರ ಹೇಳಿ ಅಂದರು. ಮರ್ಯಾದಸ್ಥರು. ಆತುರ ಮಾಡಲಿಲ್ಲ.

ನನಗೆ ಯೋಚಿಸುವುದೇನೂ ಕಾಣಲಿಲ್ಲ. ನಸುಕಿನಲ್ಲಿ ಮೊಳಕೆ ರಾಗಿ ಬೀಸುವುದು, ಬಿಸಿಲು ಬಿದ್ದ ಮೇಲೆ ಡಬ್ಬಗಳನ್ನು ಹಿಡಿಯುವುದು. ಅದೂ ಇರಲಿ, ಇದೂ ಇರಲಿ. ಒಂದನ್ನು ಬಿಟ್ಟು ಒಂದನ್ನು ಆರಿಸುವ ಕಷ್ಟವೇ ಇಲ್ಲವಲ್ಲ ಅಂತ ಅವತ್ತು ಖುಷಿಯಲ್ಲಿ ಎರಡು ಲೋಟ ಕಾಫಿ ಕುಡಿದೆ. ಸೋಮವಾರದೊಳಗೆ ಒಂದು ಸಲ ಮಾಡಿ ನೋಡಿಬಿಡೋಣ ಅಂತ ಒಂದು ಮೂಟೆ ರಾಗಿಯನ್ನು ನೆನೆಹಾಕಿದೆ.

ಗುರುವಾರ ನಸುಕಿನಲ್ಲಿ ಆ ಮೊಳಕೆ ರಾಗಿ ಬೀಸಿ ಮುಗಿಸಿದೆ. ಘಮ ಅಂದರೆ ಘಮ. ಆಮೇಲೆ ಯಾವತ್ತಿನ ಹಾಗೆ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ನಾಲ್ಕು ಸಲ ತಟ್ಟಿ, ಡಬ್ಬಗಳ ಕಡೆ ತಿರುಗಿದೆ. ಪಕ್ಕದ ಬೀದಿಯ ಹೆಂಗಸೊಬ್ಬರು ಓಡಿಬಂದರು. ಮಗಳನ್ನು ಕೊಟ್ಟ ಬೀಗರು ಮಳವಳ್ಳಿಯಿಂದ ಬಸ್ಸು ಹತ್ತಿಬಿಟ್ಟಿದ್ದಾರೆ, ಮನೆಯಲ್ಲಿ ಒಂದು ಹಿಡಿ ಹಿಟ್ಟಿಲ್ಲ ಅಂದರು. ನೆಂಟರ ಮನೆಯ ಡಬ್ಬ ಅಲ್ಲವೇ, ಮಾವನವರ ಕಟ್ಟಳೆಯಂತೆ ಅದನ್ನೇ ಎಲ್ಲಕ್ಕಿಂತ ಮುಂದೆ ತಂದು, ಮೊದಲು ಬೀಸಿ ಕೊಟ್ಟೆ.

ಮಧ್ಯಾಹ್ನ ಕಳೆದ ಮೇಲೆ ಅವರು ತಿರುಗಿ ಬಂದರು. ಕೈಯಲ್ಲಿ ಮುಚ್ಚಿದ ತಟ್ಟೆ. ಹಿಂದೆ ಅವರ ಸೊಸೆ, ಮದುವೆಯಾಗಿ ಇನ್ನೂ ವರ್ಷ ತುಂಬದ, ಕೊಕ್ಕರೆ ಬೆಳ್ಳೂರು ಕಡೆಯ ಹುಡುಗಿ. ಡಬ್ಬ ತೆಗೆದುಕೊಂಡು ಹೋಗಲು ಬಂದಿದ್ದ ನಾಲ್ಕಾರು ಹೆಂಗಸರೂ ಅಲ್ಲಿದ್ದರು.

"ನೋಡ್ರವ್ವಾ, ನಮ್ ಸೊಸೆ ಕೈಗುಣವಾ!" ಅಂತ ಅವರು ತಟ್ಟೆಯ ಮುಚ್ಚಳ ತೆಗೆದರು. "ಬೀಗ್ರು ಕುಂತವ್ರೆ, ತಟ್ಟೆಗೆ ಮುದ್ದೆ ಇಕ್ಕುದ್ರೆ, ಅದು ಸಗಣಿ ಅಂಗೆ ಅಗಲಾಯ್ತಾ ಅದೆ. ಆ ಬೀಗ್ತಿ ನಂಗೆ ಕೇಳ್ತಳೆ, ಇದುಕ್ಕೆ ಚಮಚ ಕೊಡ್ತಿರಾ ಅಂತ!"

ಒಬ್ಬಿಬ್ಬರು ನಕ್ಕರು. "ಎಸ್ರು ಜಾಸ್ತಿ ಮಡುಗ್ಬುಟ್ಟೌಳೆ ಬುಡವ್ವ, ಯೆಣ್ಣು ಇನ್ನಾ ಚಿಕ್ದು," ಅಂತ ಯಾರೋ ಅಂದರು.

"ಚಿಕ್ದಂತೆ! ಕೊಕ್ರೆ ಊರಿಂದ ಸೊಸೆ ತಂದೆ, ಕೊಕ್ರೆ ಅಂಗೇ ಒಂಟಿ ಕಾಲಲ್ಲಿ ನಿಂತ್ಕತಳೆ. ಇವ್ರವ್ವ ಮುದ್ದೆ ತೊಳ್ಸದ ಕಲ್ಸಿದ್ರೆ ತಾನೇ?"

ಹುಡುಗಿ ತಲೆ ಎತ್ತಲಿಲ್ಲ. "ಎಸ್ರು ಸರಿಯಾಗೇ ಇತ್ತು ಅತ್ತೆ," ಅಂದಳು. "ಎಷ್ಟ್ ಇಟ್ಟು ಆಕುದ್ರೂ ಗಟ್ಟಿನೇ ಆಗ್ನಿಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಆಗಿನಿಂದ ಅದನ್ನೇ ಹೇಳಿ ಹೇಳಿ ಸಾಕಾದವಳ ದನಿ ಅದು. ಅವರ ಡಬ್ಬ ತರಿಸಿ, ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಸಿಹಿ.

ಮೊಳಕೆ ರಾಗಿಯ ಸಿಹಿ. ಮೊಳಕೆ ಹಿಟ್ಟು ಗಂಜಿಗಾದರೆ ಚಿನ್ನ, ಮುದ್ದೆಗೆ ವಿಷ. ಒಂದು ಹಿಡಿ ಬೆರೆತರೂ ಸಾಕು, ಬಿಸಿ ನೀರಿನಲ್ಲಿ ಹಿಟ್ಟಿನ ಕಸುವನ್ನೆಲ್ಲ ಇಳಿಸಿ ನೀರು ಮಾಡಿಬಿಡುತ್ತದೆ. ಮೊಳಕೆ ಹಿಟ್ಟಿನಲ್ಲಿ ಮುದ್ದೆ ಕಟ್ಟಬಾರದು ಅನ್ನುವುದು ಈ ಸೀಮೆಯ ಎಳೆಮಕ್ಕಳಿಗೂ ಗೊತ್ತು. ಕಲ್ಲಿನ ಹಲ್ಲಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ ಉಳಿದ ಹಿಟ್ಟು ಮುಂದಿನ ಡಬ್ಬಕ್ಕೆ ಬೀಳುತ್ತದೆ ಅನ್ನುವುದು ಮಿಲ್ಲಿನವಳಾದ ನನಗೆ ಗೊತ್ತು. ಎರಡೂ ಗೊತ್ತಿದ್ದೂ ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

"ಅವಳದೇನೂ ತಪ್ಪಿಲ್ಲ," ಅಂದೆ. "ನಮ್ಮ ಮಿಲ್ಲಿಂದ ಆಗಿದ್ದು." ಎಲ್ಲರೆದುರೇ ಬಿಡಿಸಿ ಹೇಳಿದೆ.

ಆ ಅತ್ತೆ ಸೊಸೆಯ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದರು. "ಇದ ಈಗ ನಮ್ಗೆ ಯೋಳುದ್ರೆ ಏನ್ ಬಂತವ್ವ? ಬೀಗ್ರು ಉಣ್ಣದು ಉಂಡು, ನಗದು ನಕ್ಕು, ಬಸ್ ಅತ್ತುದ್ರಲ್ಲಾ."

ಅವತ್ತು ಬೀಸಿದ ಎಲ್ಲರ ಹಿಟ್ಟಿಗೂ ಬದಲಿಯಾಗಿ ಹೊಸ ರಾಗಿ ಬೀಸಿಕೊಡುತ್ತೀನಿ ಅಂದೆ. ಹೇಳಿದ ಮೇಲೆ, ಯಾವ ಕಲ್ಲಿನಲ್ಲಿ ಬೀಸಲಿ ಅನ್ನುವುದು ತಲೆಗೆ ಬಂತು.

ಮಾರನೆಯ ದಿನ ಮಿಲ್ಲು ಬಿಚ್ಚಿದೆ. ಕಲ್ಲನ್ನು ತಂತಿಯ ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯ ತೋಳು ಹೊಸದು ಹೊಲಿಸಿ, ಒಂದಷ್ಟು ಹಳೇ ರಾಗಿಯನ್ನು ಬೀಸಿ ಹೊರಗೆ ಚೆಲ್ಲಿದೆ. ಆಮೇಲೆ ನಮ್ಮ ಮನೆಯ ರಾಗಿ ಬೀಸಿ ನಾನೇ ಮುದ್ದೆ ಕಟ್ಟಿದೆ. ಅತ್ತೆ ಬೆರಳಿಂದ ಒತ್ತಿ ನೋಡಿದರು. ಬೆರಳು ಎತ್ತಿದರೆ ಮುದ್ದೆಯೂ ಅಂಟಿಕೊಂಡು ಎದ್ದು ಬಂತು.

"ಬೀಗ್ರು ಇದ್ನೂ ನೋಡ್ಬೇಕಾಗಿತ್ತು," ಅಂದರು.

ಇನ್ನೊಂದು ಸಲ ಬಿಚ್ಚಿ, ಇನ್ನೊಂದು ಸಲ ತಿಕ್ಕಿ, ಇನ್ನಷ್ಟು ರಾಗಿ ಬೀಸಿ ಚೆಲ್ಲಿದ ಮೇಲೆ ಮುದ್ದೆ ಗಟ್ಟಿಯಾಯಿತು. ಅಷ್ಟಕ್ಕೆ ದಿನವೇ ಮುಗಿದಿತ್ತು. ವಾರವಾರವೂ ಹೀಗೆ ತೊಳೆಯುತ್ತಾ ಕೂತರೆ ಮೊಳಕೆಯೂ ಇಲ್ಲ, ಮುದ್ದೆಯೂ ಇಲ್ಲ. ಅದೂ ಇರಲಿ ಇದೂ ಇರಲಿ ಅನ್ನುವ ನನ್ನ ಖುಷಿ ಅಲ್ಲಿಗೆ ತೀರಿತು. ಒಂದು ಕಲ್ಲು, ಒಂದು ರಾಗಿ.

ಎರಡನೇ ಮಿಷನ್ನು ತರೋಣ ಅಂದರೆ ಕೂರಿಸುವುದಕ್ಕೆ ಇದ್ದ ಜಾಗ ಅತ್ತೆ ಮಲಗುವ ಕೋಣೆಯೊಂದೇ. ನಾನು ಬಾಯಿಬಿಡುವ ಮೊದಲೇ ಅವರು ಹಾಸಿಗೆ ಸುತ್ತಲು ಹೊರಟರು.

"ನಾನು ಪಡಸಾಲೇಲಿ ಬಿದ್ಕತೀನಿ ಬುಡು."

"ಡಾಕ್ಟ್ರು ಹಿಟ್ಟಿನ ಧೂಳು ಆಗಲ್ಲ ಅಂದಿಲ್ವಾ ಅತ್ತೆ? ಈಗಲೇ ರಾತ್ರಿಯೆಲ್ಲ ಕೆಮ್ಮುತ್ತೀರಿ."

"ಕೆಮ್ಮುದ್ರೆ ಕೆಮ್ತೀನಿ. ನಿನ್ ಮಿಲ್ ನಿಂತೋದ್ರೆ ಕೆಮ್ಮು ನಿಂತೋದದಾ?"

ಆ ಹಾಸಿಗೆಯನ್ನು ನಾನೇ ಬಿಚ್ಚಿ ಮತ್ತೆ ಹಾಸಿದೆ. ಆ ದಾರಿ ಮುಚ್ಚಿತು.

ಶನಿವಾರ ಆ ಹುಡುಗಿ ಒಬ್ಬಳೇ ಬಂದಳು, ಬದಲಿ ಹಿಟ್ಟು ತೆಗೆದುಕೊಂಡು ಹೋಗಲು. ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳಿದೆ.

"ಅತ್ತೆ ಈಗ ಏನೂ ಅನ್ನಕಿಲ್ಲ ಅಕ್ಕ. ಮಳವಳ್ಳಿಯಿಂದ ನಮ್ ನಾದ್ನಿ ಫೋನ್ ಮಾಡಿದ್ರು. ಅವ್ರತ್ತೆ ಕೇಳುದ್ರಂತೆ, ನಿಮ್ಮತ್ತಿಗೆ ಮುದ್ದೆ ಕಟ್ಟದ ಕಲ್ತಳಾ ಇಲ್ವಾ ಅಂತ."

"ನಂಬರ್ ಕೊಡು, ನಾನೇ ಮಾತಾಡಿ ಹೇಳ್ತೀನಿ."

"ಬ್ಯಾಡಿ. ಯಾರ ಕೈಲೋ ಯೋಳುಸ್ತಳೆ ಅಂತಾರೆ. ಇನ್ನೊಂದಪ ಅವ್ರು ಬಂದಾಗ ಚೆನ್ನಾಗಿ ಮಾಡಿಕ್ಕುದ್ರೆ ಆಯ್ತು." ಡಬ್ಬವನ್ನು ಸೊಂಟಕ್ಕೇರಿಸಿಕೊಂಡವಳು ಬಾಗಿಲಲ್ಲಿ ನಿಂತು ಕೇಳಿದಳು, "ಅವ್ರು ಬಂದಾಗ ಈ ಮಿಲ್ಲಲ್ಲಿ ಬೀಸುಸ್ಬೋದಾ ಅಕ್ಕ?"

ಅದು ಕೊಂಕಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ.

ಭಾನುವಾರ ಗಂಡನನ್ನು ಕೇಳಿದೆ. "ನಿನ್ನ ಮಿಲ್ಲು, ನಿನ್ನಿಷ್ಟ," ಅಂದರು. ಕೇಳುವುದಕ್ಕೆ ದೊಡ್ಡ ಮಾತು. ಆದರೆ ನಡುನೀರಿನಲ್ಲಿ ಹರಿಗೋಲು ಬಿಟ್ಟು ಇಳಿದುಹೋದವನೂ ಇದನ್ನೇ ಹೇಳುತ್ತಾನೆ. ಅಕ್ಕನಿಗೆ ಫೋನು ಮಾಡಿದರೆ ಅವಳು ಮತ್ತೆ ಶಾವಿಗೆ ಅಂದಳು.

ನಾನೇ ಕೂತು ಯೋಚಿಸಿದೆ. ಡಬ್ಬದವರನ್ನು ಉಳಿಸಿಕೊಂಡರೆ ಮನಸ್ಸಿಗೆ ಹಿತ. ಆದರೆ ಅವರೇ ನನ್ನನ್ನು ಎಷ್ಟು ದಿನ ಉಳಿಸಿಕೊಳ್ಳುತ್ತಾರೆ? ಮಳೆ ಬಂದರೆ ಪ್ಯಾಕೆಟ್ಟು, ಕರೆಂಟು ಹೋದರೆ ಪ್ಯಾಕೆಟ್ಟು, ಸೊಸೆಗೆ ಕೆಲಸ ಸಿಕ್ಕರೆ ಪ್ಯಾಕೆಟ್ಟು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಮೊಳಕೆಯನ್ನು ಹಿಡಿದರೆ ಮಿಲ್ಲು ತಿರುಗುತ್ತದೆ, ಮಿಲ್ಲು ತಿರುಗಿದರೆ ಮನೆ ನಡೆಯುತ್ತದೆ. ಮೈಸೂರಿನವರು ನಾಳೆ ಕೈಬಿಟ್ಟರೆ? ಡಬ್ಬಗಳಲ್ಲಾದರೆ ಯಾರ ಹಸಿವು ದೊಡ್ಡದು ಅಂತ ನೋಡಿ ಮುಂದಿಡುತ್ತಿದ್ದೆ. ಇಲ್ಲಿ ಹಸಿವು ನನ್ನ ಮನೆಯದೂ ಆಗಿತ್ತು. ಸ್ವಂತ ಡಬ್ಬವನ್ನು ಯಾವತ್ತೂ ಸಾಲಿನಲ್ಲಿ ಇಟ್ಟವಳಲ್ಲ ನಾನು. ಅದು ಎಲ್ಲಿ ನಿಲ್ಲಬೇಕು ಅನ್ನುವುದೇ ತಿಳಿಯಲಿಲ್ಲ.

ಸೋಮವಾರ ಮೈಸೂರಿನವರಿಗೆ ಫೋನು ಮಾಡಿ ಆಗಲಿ ಅಂದೆ. ಅವರು ಸಂತೋಷಪಟ್ಟರು. ನಾನು ಫೋನು ಇಟ್ಟು ಹೋಗಿ ಗೋಡೆಯ ಪಕ್ಕ ಇದ್ದ ಡಬ್ಬಗಳನ್ನು ಕೊನೆಯ ಸಲ ಬೀಸಿದೆ. ಹೆಂಗಸರು ಬಂದ ಹಾಗೆಲ್ಲ ಒಬ್ಬೊಬ್ಬರಿಗೂ ಹೇಳಿದೆ, ಇನ್ನು ಇಲ್ಲಿ ಮುದ್ದೆಯ ರಾಗಿ ಬೀಸುವುದಿಲ್ಲ, ರೈಲ್ವೆ ಗೇಟಿನ ಆಚೆಯ ಮಿಲ್ಲಿಗೆ ಹೋಗಿ ಅಂತ. ಕೆಲವರು ಸರಿ ಅಂದರು. ಒಬ್ಬ ಮುದುಕಿ ಮಾತ್ರ ಡಬ್ಬ ಎತ್ತಿಕೊಳ್ಳದೆ ನಿಂತಳು.

"ಆ ಗೇಟ್ ಆಚಿಕ್ ಯಾರ್ ಓದಾರು? ನಿಮ್ ಮಾವ ಇದ್ದಿದ್ರೆ ಇಂಗ್ ಅಂತಿದ್ನಾ?"

"ಗೊತ್ತಿಲ್ಲ ಅಜ್ಜಿ," ಅಂದೆ.

"ಗೊತ್ತಿಲ್ವಂತೆ. ನಂಗೊತ್ತು, ಅಂತಿರ್ನಿಲ್ಲ." ಡಬ್ಬ ಎತ್ತಿಕೊಂಡು ಹೋದಳು. ಅವಳು ಗೇಟಿನ ಆಚೆಗೆ ಹೋಗುತ್ತಾಳೋ, ಅಂಗಡಿಯ ಪ್ಯಾಕೆಟ್ಟಿಗೆ ಕೈಚಾಚುತ್ತಾಳೋ ನನಗೆ ಈಗಲೂ ತಿಳಿಯದು.

ನಮ್ಮ ಮನೆಯ ಹಿಟ್ಟೂ ಮುಗಿಯಬೇಕಲ್ಲ. ಮುಗಿಯಿತು. ಡಬ್ಬಕ್ಕೆ ರಾಗಿ ತುಂಬಿಕೊಂಡು ನಾನೂ ಗೇಟು ದಾಟಿದೆ. ಅಲ್ಲಿ ಸಾಲಿನಲ್ಲಿ ನಮ್ಮ ಬೀದಿಯ ಡಬ್ಬಗಳೇ ಹೆಚ್ಚು. ಆ ಮಿಲ್ಲಿನ ಯಜಮಾನರು ಬೆಲ್ಟು ಸರಿಮಾಡುತ್ತಿದ್ದವರು ತಲೆ ಎತ್ತಿದರು.

"ಬಾರವ್ವ ಬಾ. ಮಿಲ್ಲಿನೋರೇ ಮಿಲ್ಲಿಗೆ ಬಂದವ್ರೆ. ಮುಂದಕ್ಕೆ ಮಡುಗ್ಲಾ?"

"ಬೇಡಿ," ಅಂದೆ. "ನೆಂಟರೇನೂ ಬಂದಿಲ್ಲ."

ಕೊನೆಯಲ್ಲಿಟ್ಟೆ. ಅವರ ಕಲ್ಲು ಹೇಗೆ ತಿರುಗುತ್ತದೆ ಅಂತ ನೋಡಬಾರದು ಅಂದುಕೊಂಡಿದ್ದರೂ ನನ್ನ ಡಬ್ಬದ ಸರದಿ ಬರುವವರೆಗೂ ಅದನ್ನೇ ನೋಡುತ್ತಾ ನಿಂತಿದ್ದೆ.

ಅವತ್ತು ಮನೆಯಲ್ಲಿ ಮುದ್ದೆ ಕಟ್ಟಿ ಅತ್ತೆಯ ಮುಂದೆ ಇಟ್ಟೆ. ಮದುವೆಯಾಗಿ ಬಂದಂದಿನಿಂದ ಬೇರೆಯವರ ಮಿಲ್ಲಿನ ಹಿಟ್ಟು ತಿಂದವರಲ್ಲ ಅವರು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಮಿಲ್ಲಿನಲ್ಲಿ ಮೊಳಕೆ ರಾಗಿ ಬೀಸುವ ಸದ್ದು ಕೇಳುತ್ತಿತ್ತು. ನನ್ನ ಗಂಡ ಅವತ್ತು ತಲೆನೋವು ಅನ್ನದೆ ಮೋಟರಿನ ಹತ್ತಿರ ನಿಂತಿದ್ದರು.

"ಎಂಗದೆ ಅತ್ತೆ?" ಅಂತ ಅವರದೇ ಮಾತಿನಲ್ಲಿ ಕೇಳಿದೆ.

"ಗಟ್ಟಿಯಾಗದೆ," ಅಂದರು. ಇನ್ನೊಂದು ತುತ್ತು ಮುರಿದರು. ಅದನ್ನು ಬಾಯಿಗಿಡುವ ಮುಂಚೆ, ಮಿಲ್ಲಿನ ಕಡೆಗೆ ನೋಡದೆ, "ಉಣ್ಣು ನೀನೂ. ಮುದ್ದೆ ಆರೋದದು," ಅಂದರು.