ಅಂಟದ ಕಾಯಿಲೆ

ನಮ್ಮ ದೊಡ್ಡಮ್ಮ ಹೆಂಗಸರ ಬಟ್ಟೆ ಹೊಲಿಯುವವಳು. ಬಿರುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿಯನ್ನೇ ತೊಡುತ್ತಿದ್ದುದರಿಂದ ಬೀದಿಯವರು ಅವಳನ್ನು ತುಂಬುತೋಳಮ್ಮ ಎನ್ನುತ್ತಿದ್ದರು. ಆ ತೋಳಿನೊಳಗೆ ಕೆಂಪು ಮಚ್ಚೆಗಳು, ಮಚ್ಚೆಗಳ ಮೇಲೆ ಬಿಳಿ ಹೊಟ್ಟು.

ಮಗಳು ಹುಟ್ಟಿದ ವರ್ಷವೇ ಅದು ಶುರುವಾಗಿದ್ದು. "ಅಂಟುರೋಗ, ಮಗು ಜೋಪಾನ" ಎಂದಳು ಪಕ್ಕದ ಮನೆಯ ಪುಣ್ಯಾತ್ಗಿತ್ತಿ. ಅಷ್ಟೇ ಸಾಕಾಯಿತು. ಮಗುವನ್ನು ಎತ್ತುವುದು, ಮೀಯಿಸುವುದು, ತಲೆ ಬಾಚುವುದು ಎಲ್ಲ ಅವಳ ತಂಗಿಯ, ಅಂದರೆ ನಮ್ಮಮ್ಮನ ಪಾಲಿಗೆ ಬಂತು. ಗಿರಾಕಿಗಳ ಮೈಗೂ ದೊಡ್ಡಮ್ಮ ಟೇಪು ಹಿಡಿಯುತ್ತಿರಲಿಲ್ಲ. "ಅಳತೆಗೆ ಹಳೇ ಬಟ್ಟೆ ಕೊಡಿ" ಎನ್ನುತ್ತಿದ್ದಳು. ಮಗಳಿಗೂ ಅಷ್ಟೇ. ಗಿಡ್ಡವಾದ ಫ್ರಾಕನ್ನು ಮೇಜಿನ ಮೇಲೆ ಹಾಸಿ, ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದಳು. ಡಾಕ್ಟರಿಗೆ ತೋರಿಸು ಎಂದರೆ ಮೈಮೇಲೇ ಬರುತ್ತಿದ್ದಳು: "ಊರಿಗೆಲ್ಲ ಗೊತ್ತಾದ್ರೆ ಗಿರಾಕಿ ಬರ್ತಾರೇನೇ?" ಅವಳ ಹಟ ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ.

ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ದೊಡ್ಡಮ್ಮನ ಬೆರಳ ಗೆಣ್ಣುಗಳು ಬಾತುಕೊಂಡವು. ಕತ್ತರಿ ಹಿಡಿಯಲಾಗದೆ ಹೋದಾಗ ನಾನೇ ಅವಳನ್ನು ಹೊರಡಿಸಿಕೊಂಡು ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಬರಿಗೈಯಲ್ಲೇ ಮಚ್ಚೆ ಮುಟ್ಟಿದರು. ದೊಡ್ಡಮ್ಮ ಬೆಚ್ಚಿ ಕೈ ಎಳೆದುಕೊಂಡಳು.

"ಇದು ಸೋರಿಯಾಸಿಸ್. ಮೈಯೊಳಗೆ ಕಾವಲು ಕಾಯೋ ಜೀವಕಣಗಳಿರ್ತಾವೆ. ರೋಗಾಣು ಬಂದ್ರೆ ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಸೈಟೊಕೈನ್ ಅನ್ನೋ ವಸ್ತು ಬಿಡ್ತಾವೆ. ನಿಮ್ಮಲ್ಲಿ ಯಾವ ರೋಗಾಣು ಬರದೇ ಇದ್ರೂ ಆ ಸುದ್ದಿ ಓಡಾಡ್ತಾನೇ ಇದೆ. ಅದನ್ನ ನಂಬಿ ಚರ್ಮ ಗಡಿಬಿಡೀಲಿ ಬೆಳೆದು ಪದರ ಪದರ ಕೂರುತ್ತೆ, ಕೆಂಪಗೆ ಊದುತ್ತೆ. ಗೆಣ್ಣಿಗೂ ಅದೇ ಕಾಟ. ಆ ಸುದ್ದೀನ ತಡೆಯೋ ಇಂಜೆಕ್ಷನ್ ಇದೆ, ಕೊಡೋಣ."

"ಅಂಟಲ್ವಾ?"

"ಅಂಟೋದೇ ಇಲ್ಲಮ್ಮ."

"ಮೊದಲಿಂದ್ಲೂ?"

"ಯಾವತ್ತೂ ಇಲ್ಲ."

ಬಸ್ಸಿನಲ್ಲಿ ದೊಡ್ಡಮ್ಮ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಒಳ್ಳೆಯ ಮಾತು ಕೇಳಿ ಯಾರಾದರೂ ಹೀಗೆ ಅಳುತ್ತಾರೆಯೇ ಎಂದು ರೇಗಲು ಹೊರಟವಳು ನನ್ನ ಕರ್ಚೀಫನ್ನು ಅವಳ ಕೈಗಿಟ್ಟೆ. ಎತ್ತಿಕೊಳ್ಳಬಹುದಾಗಿದ್ದ ಮಗುವನ್ನು ಅವಳು ಸುಮ್ಮಸುಮ್ಮನೆ ದೂರವಿಟ್ಟಿದ್ದಳು.

ಸಂಜೆ ಮಗಳು ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ದೊಡ್ಡಮ್ಮ ಹೋದವಳೇ ಅವಳನ್ನು ತಬ್ಬಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿದಳು. ಮಗಳು ತಬ್ಬಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮರಗಟ್ಟಿ ನಿಂತಳು. ಅವಳ ಮುಖ ಬಿಳುಚಿಕೊಂಡಿತು.

"ಯಾರು ಹೋಗ್ಬಿಟ್ರಮ್ಮ?" ಎಂದಳು. ಅಮ್ಮನ ಹೆಗಲ ಮೇಲಿಂದ ನನ್ನತ್ತ ನೋಡಿ, "ಹೇಳೇ, ಚಿಕ್ಕಮ್ಮಾನಾ?"